ಸುಲ್ತಾನನ ಬಿಡಾರದಲ್ಲಿ ಸಂತ ಫ್ರಾನ್ಸಿಸರು



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಹಕ್ಕಿಗಳೊಡನೆ ಇರುವ ಅವರ ಪಟ ನಮಗೆಲ್ಲ ಪರಿಚಿತ. ಅವರು ಮುಸಲ್ಮಾನ ಸುಲ್ತಾನನೊಬ್ಬನ ಬಿಡಾರಕ್ಕೆ ಹೋಗಿದ್ದರೆಂಬುದು ಮಾತ್ರ ಅನೇಕರಿಗೆ ತಿಳಿಯದು.

1219ರಲ್ಲಿ ಈಜಿಪ್ಟಿನ ದಮಿಯೆತ್ತಾ ಪಟ್ಟಣದ ಬಳಿ ಕ್ರೈಸ್ತ ಸೈನ್ಯಕ್ಕೂ ಮುಸಲ್ಮಾನ ಸೈನ್ಯಕ್ಕೂ ಯುದ್ಧ ನಡೆದಿತ್ತು. ಫ್ರಾನ್ಸಿಸರು ಒಬ್ಬ ಸಹೋದರನೊಡನೆ, ಕೈಯಲ್ಲಿ ಆಯುಧವಿಲ್ಲದೆ, ಸುಲ್ತಾನ್ ಅಲ್-ಕಾಮಿಲನ ಬಳಿಗೆ ಹೋದರು. ಸುಲ್ತಾನ ಕ್ರೈಸ್ತನಾಗಲಿಲ್ಲ, ಯುದ್ಧವೂ ನಿಲ್ಲಲಿಲ್ಲ. ಆದರೂ ಆತ ಅವರನ್ನು ಗೌರವದಿಂದ ಕಂಡು ಸುರಕ್ಷಿತವಾಗಿ ಕಳುಹಿಸಿಕೊಟ್ಟ. ಮುಂದೆ 1221ರ ನಿಯಮಾವಳಿಯಲ್ಲಿ ಫ್ರಾನ್ಸಿಸರು, ಮುಸಲ್ಮಾನರ ನಡುವೆ ಹೋಗುವ ಸಹೋದರರು ವಾದಕ್ಕೆ, ಜಗಳಕ್ಕೆ ಇಳಿಯಬಾರದು, ತಾವು ಕ್ರೈಸ್ತರೆಂಬುದನ್ನು ಮುಚ್ಚಿಡಲೂ ಬಾರದು, ದೇವರ ಚಿತ್ತವೆಂದು ಕಂಡಾಗ ಶುಭಸಂದೇಶ ಸಾರಬೇಕು ಎಂದು ತಿಳಿಸಿದರು.

ಈ ಮಾತು ನಮ್ಮ ದುಮ್ಮವಾಡದಂಥ ಊರುಗಳಲ್ಲಿ ಬಾಳುವ ಕ್ರೈಸ್ತ ಕುಟುಂಬಕ್ಕೆ ನೇರವಾಗಿ ತಟ್ಟುತ್ತದೆ. ಮೊಹರಮ್ ಬಂತೆಂದರೆ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಪಂಜಾ ಕೂಡಿಸುತ್ತಾರೆ. ಹೆಜ್ಜೆ ಮೇಳದವರು ಕನ್ನಡದಲ್ಲಿಯೇ ಕರ್ಬಲಾದ ಪದ ಹಾಡುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಹತರಾದ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರ ಸ್ಮರಣೆ ಅದು. ಹಿಂದೂಗಳೂ ಸೇರುತ್ತಾರೆ, ಹರಕೆ ಹೊರುತ್ತಾರೆ, ಸಕ್ಕರೆ ಓದಿಸುತ್ತಾರೆ. ನಾವೇನು ಮಾಡಬೇಕು?

ಮೆರವಣಿಗೆ ಬಂದಾಗ ಬಾಗಿಲು ಹಾಕಿಕೊಳ್ಳುವುದು ಬೇಡ. ಬಿಸಿಲಲ್ಲಿ ಬಂದವರಿಗೆ ನೀರು ಕೊಡಿರಿ, ಅವರ ದುಃಖಕ್ಕೆ ಮರ್ಯಾದೆ ತೋರಿಸಿರಿ. ಆದರೆ ಹರಕೆ ಹೊರುವುದು ನಮಗೆ ಸಲ್ಲದು. ನಮ್ಮ ಪ್ರಾರ್ಥನೆ ಕ್ರಿಸ್ತರ ಮೂಲಕವೇ. (ಪಂಜಾಕ್ಕೆ ಹರಕೆ ಹೊರುವುದನ್ನು ಮುಸಲ್ಮಾನ ಪಂಡಿತರಲ್ಲಿಯೂ ಅನೇಕರು ಒಪ್ಪುವುದಿಲ್ಲ.) ನೆರೆಮನೆಯಿಂದ ಚೊಂಗೆ ಬಂದರೆ? ಬಡಿಸಿದ್ದನ್ನು ಪ್ರಶ್ನೆ ಮಾಡದೆ ತಿನ್ನಿರಿ ಎಂಬುದೇ ಸಂತ ಪೌಲರು ಕೊರಿಂಥದವರಿಗೆ ಕೊಟ್ಟ ಬುದ್ಧಿವಾದ. ನೈವೇದ್ಯವೆಂದು ಹೇಳಿಯೇ ಕೊಟ್ಟರೆ, ಇನ್ನೊಬ್ಬರ ಮನಸ್ಸಾಕ್ಷಿಯ ಸಲುವಾಗಿ ಬಿಡಬೇಕೆಂದೂ ಅವರು ಬರೆದಿದ್ದಾರೆ. ಪ್ರೀತಿಯಿಂದ ಹಂಚಿದ ಸಿಹಿಯನ್ನು ನಾನಂತೂ ಬೇಡವೆನ್ನಲಾರೆ.

ಇದಕ್ಕಿಂತ ಕಷ್ಟದ ಪ್ರಶ್ನೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಎದುರಾಗುತ್ತದೆ: "ದೇವರಿಗೆ ಮಗ ಹೇಗೆ?" ಮುಸಲ್ಮಾನರು ಯೇಸುವನ್ನು ಈಸಾ ಎಂದು ಕರೆದು ಪ್ರವಾದಿಯೆಂದು ಗೌರವಿಸುತ್ತಾರೆ. ಕುರಾನಿನ 19ನೆಯ ಅಧ್ಯಾಯದ ಹೆಸರೇ ಮರ್ಯಮ್; ಮಾತೆ ಮರಿಯಮ್ಮನವರು ಕನ್ಯೆಯಾಗಿಯೇ ಹೆತ್ತರೆಂಬುದನ್ನು ಅವರೂ ನಂಬುತ್ತಾರೆ. ಆದರೆ ಯೇಸು ದೇವಪುತ್ರರೆಂಬುದನ್ನೂ ಶಿಲುಬೆಯ ಮರಣವನ್ನೂ ಒಪ್ಪುವುದಿಲ್ಲ. ಇದು ಸಣ್ಣ ವ್ಯತ್ಯಾಸವಲ್ಲ. ನಮ್ಮ ರಕ್ಷಣೆಯೇ ಅಲ್ಲಿದೆ. ದೇವರು ಹೆಂಡತಿ ಮಕ್ಕಳುಳ್ಳವರೆಂಬ ಅರ್ಥದಲ್ಲಿ 'ಪುತ್ರ' ಎಂಬ ಮಾತನ್ನು ಅವರು ತಿರಸ್ಕರಿಸುತ್ತಾರೆ. ಆ ಅರ್ಥವನ್ನು ನಾವೂ ತಿರಸ್ಕರಿಸುತ್ತೇವೆ! ದೇವರ ಅನಾದಿ ವಾಕ್ಯವೇ ಮನುಷ್ಯರಾದರೆಂಬುದು ನಮ್ಮ ವಿಶ್ವಾಸ. ಮಕ್ಕಳಿಗೆ ಇಷ್ಟನ್ನು ಮನೆಯಲ್ಲಿಯೇ ಕಲಿಸಿದರೆ ಅವರು ನಾಚಿಕೊಳ್ಳುವುದಿಲ್ಲ, ಸಿಟ್ಟಿಗೂ ಏಳುವುದಿಲ್ಲ.

ಮುಸಲ್ಮಾನರನ್ನು ಗೌರವದಿಂದ ಕಾಣಬೇಕೆಂದು, ಹಿಂದಿನ ವೈರ ಮರೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಬೋಧಿಸಿತು. ಫ್ರಾನ್ಸಿಸರ ಆ ಭೇಟಿಗೆ 800 ವರ್ಷ ತುಂಬಿದ 2019ರಲ್ಲಿ ಅಂದಿನ ವಿಶ್ವಗುರು ಫ್ರಾನ್ಸಿಸ್, ಅಲ್-ಅಝರಿನ ಮಹಾ ಇಮಾಮ್ ಅಹ್ಮದ್ ಅಲ್-ತಯ್ಯಿಬ್ ಅವರೊಡನೆ ಅಬುಧಾಬಿಯಲ್ಲಿ ಮಾನವ ಸೋದರತ್ವದ ಪತ್ರಕ್ಕೆ ಸಹಿ ಹಾಕಿದರು.

ಅಷ್ಟು ದೂರ ನಾವು ಹೋಗಬೇಕಾಗಿಲ್ಲ. ಚೊಂಗೆ ಬಂದ ತಟ್ಟೆಯನ್ನು ಬರಿದು ಕಳುಹಿಸುವುದು ನಮ್ಮ ಕಡೆಯ ಪದ್ಧತಿಯಲ್ಲ. ಬರುವ ಕ್ರಿಸ್ಮಸ್ಸಿಗೆ ಆ ಮನೆಗೆ ಕರಜಿಕಾಯಿ ಕೊಡಲು ಮಕ್ಕಳನ್ನೇ ಕಳುಹಿಸಿರಿ. ಯಾರ ಹಬ್ಬವೆಂದು ಕೇಳಿದರೆ ಅವರೇ ಹೇಳಲಿ.