ಕರುಳಿನ ವಿಷವೂ ಶ್ವಾಸಕೋಶದ ಉರಿಯೂತವೂ

ಜ್ವರದಲ್ಲಿ ದೋಷಗಳು ಆಮಾಶಯವನ್ನು ಆಶ್ರಯಿಸುವುವೆಂದು ಚರಕಸಂಹಿತೆಯೂ ಮಾಧವನಿದಾನವೂ ಹೇಳುತ್ತವೆ. ವಿಜಾಪುರ ಸೀಮೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿಯೂ ಜ್ವರವೆಂದೊಡನೆ ಹೊಟ್ಟೆಯನ್ನು ವಿಚಾರಿಸುವ ಹಿರಿಯರುಂಟು. ಆದರೆ ಮೂಗುಗಂಟಲುಗಳಿಂದ ಒಳಹೊಕ್ಕು ಶ್ವಾಸಕೋಶವನ್ನು ಕೆಡಿಸುವ ವೈರಸ್ ರೋಗಕ್ಕೂ ಕರುಳಿಗೂ ಏನು ಸಂಬಂಧ? ಈ ಪ್ರಶ್ನೆಗೆ ಆಧುನಿಕ ಶಾಸ್ತ್ರವು ಕೊಡುವ ಉತ್ತರವನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ನಮ್ಮ ಕರುಳಿನಲ್ಲಿ ಲಕ್ಷಕೋಟಿಗಟ್ಟಲೆ ಸೂಕ್ಷ್ಮಾಣುಗಳು ವಾಸಿಸುತ್ತವೆ. ಅವುಗಳಲ್ಲಿ ಒಂದು ವರ್ಗದ ಹೊರಪೊರೆಯಲ್ಲಿ ಲಿಪೊಪಾಲಿಸ್ಯಾಕರೈಡ್ ಎಂಬ ದ್ರವ್ಯವಿದೆ. 1892ರಲ್ಲಿ ಬರ್ಲಿನ್ನಿನ ರಿಚರ್ಡ್ ಫೈಫರನು ಕಾಲರಾ ಸೂಕ್ಷ್ಮಾಣುಗಳನ್ನು ಪರೀಕ್ಷಿಸಿ, ಅವು ಸತ್ತ ಮೇಲೂ ಉಳಿಯುವ ವಿಷವೊಂದನ್ನು ಕಂಡು, ಅದು ದೇಹದೊಳಗಿನದೆಂದು ತಿಳಿದು ಎಂಡೋಟಾಕ್ಸಿನ್ ಎಂದು ಹೆಸರಿಟ್ಟನು. ಇದನ್ನು ‘ಅಂತರ್ವಿಷ’ವೆಂದು ಕನ್ನಡಿಸಿದರೆ ಪದವು ಮೂಲಾನುಸಾರಿಯಾಗುವುದೇ ಹೊರತು ವಸ್ತುವಿಗೆ ಒಪ್ಪುವುದಿಲ್ಲ, ವಿಷವಿರುವುದು ಹೊರಪೊರೆಯಲ್ಲಿ. ಆದುದರಿಂದ ‘ಕವಚವಿಷ’ವೆಂಬುದೇ ಯುಕ್ತವೆಂದು ನನಗೆ ತೋರುತ್ತದೆ.

ಕರುಳಿನ ಒಳಗೋಡೆಯು ಒಂದೇ ಸಾಲು ಜೀವಕೋಶಗಳದು. ಅವುಗಳ ಸಂಧಿಗಳು ಬಿಗಿಯಾಗಿರುವವರೆಗೆ ಕವಚವಿಷವು ರಕ್ತಕ್ಕೆ ಸೋರುವುದು ಅತ್ಯಲ್ಪ. ವ್ಯಾಧಿಯು ಪ್ರಬಲವಾದಾಗ ಆಹಾರವು ತಗ್ಗುತ್ತದೆ, ಉರಿಯೂತದ ದ್ರವ್ಯಗಳು ರಕ್ತದಲ್ಲಿ ಸಂಚರಿಸುತ್ತವೆ, ಸಂಧಿಗಳು ಸಡಿಲುತ್ತವೆ. ಕೋವಿಡ್ ವೈರಸ್ ಆದರೋ ತಾನು ಹಿಡಿಯುವ ಎಸಿಇ2 ಎಂಬ ಗ್ರಾಹಕವನ್ನು ಸಣ್ಣ ಕರುಳಿನಲ್ಲಿಯೂ ಹೇರಳವಾಗಿ ಪಡೆಯುತ್ತದೆ. ಹೀಗೆ ಸೋರಿದ ವಿಷವನ್ನು ಯಕೃತ್ತು ಪೂರ್ಣವಾಗಿ ತಡೆಯಲಾರದಾದಾಗ ಅದು ಶ್ವಾಸಕೋಶವನ್ನು ಮುಟ್ಟುವುದು. ಅಲ್ಲಿನ ಕಾವಲುಕೋಶಗಳು ಟೋಲ್-ಸದೃಶ ಗ್ರಾಹಕ 4ರಿಂದ ಅದನ್ನು ಗುರುತಿಸಿ, ಮೊದಲೇ ಉರಿಯುತ್ತಿರುವ ಬೆಂಕಿಗೆ ತುಪ್ಪ ಸುರಿದಂತೆ ಸೈಟೊಕೈನುಗಳನ್ನು ಸುರಿಸುವುವು. ಕೋವಿಡ್ ವೈರಸ್ಸಿನ ಮುಳ್ಳುಪ್ರೋಟೀನು ಈ ವಿಷದೊಡನೆ ಕೂಡಿ ಉರಿಯೂತವನ್ನು ಹೆಚ್ಚಿಸುವುದೆಂದು 2020ರಲ್ಲಿ ಸ್ವೀಡನ್ನಿನ ಲುಂಡ್ ವಿದ್ವಾಂಸರು ಪ್ರಯೋಗಗಳಿಂದ ತೋರಿಸಿದರು.

ಇಷ್ಟಾದರೂ ಕಾರ್ಯಕಾರಣಭಾವವು ಇನ್ನೂ ನಿರ್ಣೀತವಲ್ಲ. ಸೋರಿಕೆಯಿಂದ ರೋಗವು ಉಲ್ಬಣಿಸಿತೋ, ಉಲ್ಬಣಿಸಿದ ರೋಗದಿಂದ ಸೋರಿಕೆಯಾಯಿತೋ? ಎರಡೂ ಒಟ್ಟಿಗೆ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನುವುದು ತರ್ಕವಲ್ಲ. ಅಂತೆಯೇ ನಮ್ಮ ಶಾಸ್ತ್ರದ ‘ಆಮ’ವೇ ಈ ಕವಚವಿಷವೆಂದು ಹಿಗ್ಗುವುದೂ ಉಚಿತವಲ್ಲ. ಆಮವು ಅಪಕ್ವವಾದ ಅನ್ನರಸ. ಇದು ಸೂಕ್ಷ್ಮಾಣುವಿನ ಅಂಗ. ಸಾದೃಶ್ಯವನ್ನು ತಾದಾತ್ಮ್ಯವೆಂದು ಬಗೆದರೆ ಎರಡು ಶಾಸ್ತ್ರಗಳಿಗೂ ಅನ್ಯಾಯವಾಗುವುದು.

ಡೋಣಿಯ ಕರಿನೆಲದ ಬಿಳಿಜೋಳ, ಕಡಲೆಗಳ ನಾರನ್ನು ಕರುಳಿನ ಹಿತಕರ ಸೂಕ್ಷ್ಮಾಣುಗಳು ಹುಳಿಯಿಸಿ ಬ್ಯುಟಿರೇಟನ್ನು ಉಂಟುಮಾಡುವುವು. ಅದು ಕರುಳುಗೋಡೆಗೆ ಪೋಷಕ. ಹಾಗೆಂದು ಜೋಳದ ರೊಟ್ಟಿಯು ವೈರಸ್ಸಿಗೆ ಮದ್ದಲ್ಲ. 2020ರ ಮಾರ್ಚಿಯಲ್ಲಿ ಭಾರತದ ಮೊದಲ ಕೋವಿಡ್ ಮರಣವು ಇಂಡಿ, ಸಿಂದಗಿಗಳ ನೆರೆಯ ಕಲಬುರಗಿಯದೆಂಬುದನ್ನು ಈ ಭಾಗದವರು ಮರೆಯಲಾಗದು. ಉಸಿರು ಕಟ್ಟಿದವನಿಗೆ ಬೇಕಾದುದು ಆಮ್ಲಜನಕವೂ ಬಲ್ಲ ವೈದ್ಯನೂ. ಪಥ್ಯವು ಅವಕ್ಕೆ ಸಹಾಯಕವಾಗಬಹುದು, ಬದಲಾಗಲಾರದು. ಪಾಠ ಹೇಳುವ ನಾವು ಈ ಭೇದವನ್ನು ಶಿಷ್ಯರಿಗೆ ತಿಳಿಯಹೇಳತಕ್ಕುದು.