ನೋವು ಇಳಿಯಿತು, ಉರಿಯೂತ ಇಳಿಯಿತೇ?

ಕಿವಿಯ ಮುಂಭಾಗಕ್ಕೆ ಬೆರಳಿಟ್ಟು ಬಾಯಿ ತೆರೆದರೆ ಒಳಗೆ ಗುಬುಟೊಂದು ಸರಿದಾಡುವುದು ತಿಳಿಯುತ್ತದೆ. ಅದು ದವಡೆಯ ಕೀಲು. ತಿರುಗುವುದರ ಜೊತೆಗೆ ಮುಂದಕ್ಕೂ ಜಾರುವ ಈ ಕೀಲು ಕೆಟ್ಟರೆ ಅಗಿಯುವಾಗ ನೋವು, ಆಕಳಿಸುವಾಗ ‘ಟಕ್’ ಸದ್ದು. ಕೆಲವರಿಗೆ ಬಾಯಿಯೇ ಸರಿಯಾಗಿ ತೆರೆಯದು.

ಚಿಕಿತ್ಸೆ ಫಲಿಸಿತೇ ಎಂದು ನೋಡಲು ವೈದ್ಯರು ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಕೊಡಿ ಎನ್ನುತ್ತಾರೆ. ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುತ್ತಾರೆ. ವಯಸ್ಕರಲ್ಲಿ ಸುಮಾರು 40 ಮಿಲಿಮೀಟರ್ ದಾಟಿದರೆ ಸಹಜ. ಆದರೆ ನಿದ್ದೆಗೆಟ್ಟರೂ, ಆತಂಕವಿದ್ದರೂ, ಸ್ನಾಯು ಬಿಗಿದರೂ ನೋವು ಹೆಚ್ಚುತ್ತದೆ. ಕೀಲಿನೊಳಗಿನ ಉರಿಯೂತದ ಸ್ಥಿತಿಯನ್ನು ಈ ಅಂಕ ಒಂದೇ ಹೇಳಲಾರದು.

ಆ ಸುದ್ದಿ ಇರುವುದು ಕೀಲಿನ ದ್ರವದಲ್ಲಿ. ಉರಿಯೂತವಿದ್ದಾಗ ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ, ಇಂಟರ್‌ಲ್ಯೂಕಿನ್-6, ಟಿಎನ್ಎಫ್-ಆಲ್ಫಾ ಎಂಬ ಪ್ರೋಟೀನುಗಳನ್ನು ಸ್ರವಿಸುತ್ತವೆ. ಮೃದ್ವಸ್ಥಿಯನ್ನು ಕೊರೆಯುವ ಕಿಣ್ವಗಳನ್ನು ಕೆರಳಿಸುವವು ಇವೇ. ಜೊತೆಗೆ ಬರುವ ಪ್ರೊಸ್ಟಗ್ಲಾಂಡಿನ್ ಇ2 ನರತುದಿಗಳನ್ನು ಸೂಕ್ಷ್ಮಗೊಳಿಸಿ ನೋವನ್ನು ಹೆಚ್ಚಿಸುತ್ತದೆ.

ತೊಡಕೆಂದರೆ, ಇಷ್ಟು ಚಿಕ್ಕ ಕೀಲಿನಲ್ಲಿ ದ್ರವ ಸಿಗುವುದೇ ಅತ್ಯಲ್ಪ. 1991ರಲ್ಲಿ ಸಂಶೋಧಕಿ ನಿಟ್ಜಾನ್ ಮತ್ತು ಸಂಗಡಿಗರು ಸೂಜಿಗಳ ಮೂಲಕ ಈ ಕೀಲನ್ನು ತೊಳೆಯುವ ಸರಳ ವಿಧಾನವನ್ನು ವರದಿ ಮಾಡಿದರು. ಹೊರಬಂದ ನೀರಿನಲ್ಲಿ ಮೇಲಿನ ಪ್ರೋಟೀನುಗಳನ್ನು ಅಳೆಯಬಹುದು, ಆದರೆ ಕೀಲಿನ ದ್ರವ ಅದರಲ್ಲಿ ಎಷ್ಟು ತೆಳುವಾಗಿದೆ? ಸ್ವೀಡನ್ನಿನ ಸಂಶೋಧಕರು ಇದಕ್ಕೊಂದು ಸೊಗಸಾದ ಉಪಾಯ ಹೂಡಿದರು: ತೊಳೆಯುವ ದ್ರಾವಣಕ್ಕೆ ಕೆಂಪು ಬಣ್ಣದ ಬಿ12 ವಿಟಮಿನ್ ಬೆರೆಸಿದರು. ಹೊರಬಂದಾಗ ಬಣ್ಣ ಎಷ್ಟು ಕಡಿಮೆಯಾಗಿದೆ ಎಂಬುದರಿಂದ ಕೀಲಿನ ದ್ರವದ ಪಾಲನ್ನು ಲೆಕ್ಕ ಹಾಕಬಹುದಿತ್ತು.

ಇನ್ನೊಂದು ಎಚ್ಚರವೂ ಬೇಕು. ತೊಳೆದಾಗ ಆ ಪ್ರೋಟೀನುಗಳೂ ಕೊಚ್ಚಿಹೋಗುತ್ತವೆ. ಕೂಡಲೇ ಅಳೆದು ‘ಉರಿಯೂತ ತಗ್ಗಿತು’ ಎನ್ನುವುದು ಸರಿಯಲ್ಲ. ವಾರಗಳ ನಂತರವೂ ಮಟ್ಟ ಕೆಳಗೇ ಉಳಿದಿದ್ದರೆ ಆ ಮಾತಿಗೆ ಬಲ. ಆರೋಗ್ಯವಂತರ ಕೀಲಿಗೆ ಸುಮ್ಮನೆ ಸೂಜಿ ಚುಚ್ಚಲಾಗದ್ದರಿಂದ ಸಹಜ ಮಟ್ಟ ಗೊತ್ತುಮಾಡುವುದೂ ಕಷ್ಟ.

ಹಾಗಾಗಿ 2014ರ ಅಂತರರಾಷ್ಟ್ರೀಯ ರೋಗನಿರ್ಣಯ ಮಾನದಂಡಗಳು ಇಂಥ ಸೂಚಕಗಳನ್ನಲ್ಲ, ರೋಗಿಯ ಮಾತು, ತಪಾಸಣೆ, ಅಗತ್ಯವಿದ್ದಲ್ಲಿ ಚಿತ್ರಣವನ್ನು ನೆಚ್ಚಿಕೊಂಡಿವೆ. ಆದರೂ ಕೀಲಿಗೆ ಕೊಡುವ ಚುಚ್ಚುಮದ್ದುಗಳಲ್ಲಿ ಯಾವುದು ಮೇಲೆಂದು ಹೋಲಿಸುವ ಸಂಶೋಧನೆಗಳು ನೋವಿನ ಅಂಕದ ಜೊತೆಗೆ ಕೀಲಿನ ದ್ರವವನ್ನೂ ನೋಡಲೇಬೇಕೆಂಬುದು ನನ್ನ ದೃಢ ಅಭಿಪ್ರಾಯ.

ದವಡೆ ನೋಯುತ್ತಿರುವವರು ಇಂಥ ಪರೀಕ್ಷೆಗಳ ಹಿಂದೆ ಬೀಳಬೇಕಿಲ್ಲ. ಹೆಚ್ಚಿನವರಿಗೆ ಮೆತ್ತನೆಯ ಊಟ, ಬಿಸಿ ಶಾಖ, ಹೇಳಿಕೊಟ್ಟ ವ್ಯಾಯಾಮಗಳಿಂದಲೇ ಗುಣ ಕಾಣುತ್ತದೆ. ಬಾಯಿ ತೆರೆಯುವುದು ಕಡಿಮೆಯಾಗುತ್ತಿದ್ದರೆ ಮಾತ್ರ ತಡಮಾಡದೆ ದಂತವೈದ್ಯರಿಗೆ ತೋರಿಸಿ.