ಸೈನಿಕನ ಊರು ಯಾವುದು, ತೆರಿಗೆ ಯಾರಿಗೆ?

ಸೈನಿಕನಾದವನು ತಾನಿರುವ ಊರನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಆದೇಶ ಬಂದ ಕಡೆಗೆ ಗಂಟುಮೂಟೆ ಕಟ್ಟುತ್ತಾನೆ. ಹೆಂಡತಿ ಮಕ್ಕಳು ಹಿಂಬಾಲಿಸುತ್ತಾರೆ. ಹೀಗೆ ಕೆಲವು ವರ್ಷಗಳಿಗೊಮ್ಮೆ ಬಿಡಾರ ಬದಲಿಸುವ ಕುಟುಂಬ ಯಾವ ರಾಜ್ಯಕ್ಕೆ ಸೇರಿದ್ದು? ವರಮಾನ ತೆರಿಗೆಯ ಮಟ್ಟಿಗೆ ನಮ್ಮಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಕೃಷಿ ವರಮಾನವನ್ನು ಬಿಟ್ಟರೆ ಆ ತೆರಿಗೆ ಕೇಂದ್ರದ್ದು. ಮಡಿಕೇರಿಯ ಯೋಧ ಜೋಧಪುರದಲ್ಲಿದ್ದರೂ ಪಠಾಣ್‌ಕೋಟ್‌ನಲ್ಲಿದ್ದರೂ ಲೆಕ್ಕ ಒಂದೇ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಕ್ಕೂಟ ಸರ್ಕಾರಕ್ಕೊಂದು, ರಾಜ್ಯಕ್ಕೊಂದು ತೆರಿಗೆ ವಿವರ ಸಲ್ಲಿಸಬೇಕು. 50 ರಾಜ್ಯಗಳ ಪೈಕಿ ಟೆಕ್ಸಾಸ್, ಫ್ಲಾರಿಡಾ ಸೇರಿದಂತೆ 9 ರಾಜ್ಯಗಳು ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ, ಉಳಿದವು ಹಾಕುತ್ತವೆ. ಆದ್ದರಿಂದ ಸೈನಿಕನ ಕಾಯಂ ನೆಲೆ ಯಾವುದು ಎಂಬುದು ನೇರವಾಗಿ ಅವನ ಜೇಬಿಗೆ ಸಂಬಂಧಿಸಿದ ಪ್ರಶ್ನೆ.

ಸೈನಿಕರ ಮಟ್ಟಿಗೆ ಇದಕ್ಕೆ ಉತ್ತರ ಸಿಕ್ಕಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. 1940ರ ಸೈನಿಕರ ಮತ್ತು ನಾವಿಕರ ಪರಿಹಾರ ಕಾಯ್ದೆಗೆ 1942ರಲ್ಲಿ ತಂದ ತಿದ್ದುಪಡಿಯು, ಆದೇಶದ ಮೇರೆಗೆ ಬೇರೆ ರಾಜ್ಯಕ್ಕೆ ಹೋದ ಮಾತ್ರಕ್ಕೆ ಸೈನಿಕ ಅಲ್ಲಿನ ನಿವಾಸಿಯಾಗುವುದಿಲ್ಲ ಎಂದಿತು. 1953ರಲ್ಲಿ ಕೊಲರಾಡೊದ ಡೆನ್ವರ್‌ನಲ್ಲಿ ಲೂಸಿಯಾನಾ ಮೂಲದ ವಾಯುಪಡೆ ಅಧಿಕಾರಿಯೊಬ್ಬರ ಮನೆ ಸಾಮಾನುಗಳ ಮೇಲೆ ತೆರಿಗೆ ಹೇರಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಎತ್ತಿಹಿಡಿಯಿತು. ಆ ಕಾಯ್ದೆ 2003ರಲ್ಲಿ ಹೊಸ ರೂಪ ಪಡೆಯಿತು.

ಆದರೆ ಹೆಂಡತಿಯ ಗತಿ? ಟೆಕ್ಸಾಸ್ ನೆಲೆಯ ನಾವಿಕನೊಬ್ಬನಿಗೆ ವರ್ಜೀನಿಯಾದ ನಾರ್‌ಫೋಕ್ ನೌಕಾನೆಲೆಗೆ ವರ್ಗವಾಯಿತೆನ್ನಿ. ಅವನ ಸಂಬಳವನ್ನು ವರ್ಜೀನಿಯಾ ಮುಟ್ಟುವಂತಿರಲಿಲ್ಲ. ಅವನನ್ನು ಹಿಂಬಾಲಿಸಿ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ದಾದಿಯಾದ ಪತ್ನಿಯ ಸಂಬಳಕ್ಕೆ ಮಾತ್ರ ತೆರಿಗೆ ಬೀಳುತ್ತಿತ್ತು. ಗಂಡನ ವರ್ಗಾವರ್ಗಿಯಿಂದ ಕೆಲಸ, ಬಡ್ತಿ ಕಳೆದುಕೊಳ್ಳುವವಳಿಗೆ ಇದು ಗಾಯದ ಮೇಲಿನ ಬರೆ.

ಇದನ್ನು ಗುರುತಿಸಲು ಕಾನೂನಿಗೆ 67 ವರ್ಷ ಹಿಡಿಯಿತು. 2009ರ ಕಾಯ್ದೆ, ದಂಪತಿಯ ಕಾಯಂ ನೆಲೆ ಒಂದೇ ಆಗಿದ್ದರೆ ಸಂಗಾತಿಗೂ ರಕ್ಷಣೆ ನೀಡಿತು. ಒಹಾಯೊದಲ್ಲಿ ಬೆಳೆದು, ಟೆಕ್ಸಾಸ್‌ನಲ್ಲಿ ಎಂದೂ ಬಾಳದ ಪತ್ನಿಗೆ ಅದರಿಂದ ಪ್ರಯೋಜನವಾಗಲಿಲ್ಲ. 2018ರ ತಿದ್ದುಪಡಿ, ಸೈನಿಕನ ನೆಲೆಯನ್ನೇ ತನ್ನದೆಂದು ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. 2023ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಮತ್ತೂ ಉದಾರವಾಯಿತು: ಸೈನಿಕನ ನೆಲೆ, ಸಂಗಾತಿಯ ನೆಲೆ, ಸೈನಿಕನ ಕರ್ತವ್ಯದ ಕಾಯಂ ಸ್ಥಳ, ಈ ಮೂರರಲ್ಲಿ ಒಂದನ್ನು ತೆರಿಗೆಗಾಗಿ ಆರಿಸಿಕೊಳ್ಳಬಹುದು.

ಹಾಗೆಂದು ಎಲ್ಲವೂ ಮಾಫಿಯಲ್ಲ. ಕರ್ತವ್ಯದ ರಾಜ್ಯದಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟರೆ ಆ ವರಮಾನಕ್ಕೆ ಅಲ್ಲಿನ ತೆರಿಗೆ ಉಂಟು. ನೆಲೆಯನ್ನು ನಿಜಕ್ಕೂ ಬದಲಿಸಿದ್ದೇನೆ ಎನ್ನುವ ಸೈನಿಕ ಮತದಾರರ ಪಟ್ಟಿ, ವಾಹನ ಚಾಲನೆಯ ಪರವಾನಗಿಗಳಂಥ ಪುರಾವೆಗಳಿಂದ ತನ್ನ ಉದ್ದೇಶವನ್ನು ತೋರಬೇಕು. ಇನ್ನು ನಿಯಮ ತಿಳಿಯದ ಮಾಲೀಕ ಸಂಗಾತಿಯ ಸಂಬಳದಲ್ಲಿ ತೆರಿಗೆ ಮುರಿದುಕೊಂಡರೆ, ಅದನ್ನು ಮರಳಿ ಪಡೆಯಲು ತೆರಿಗೆ ಬಾಕಿಯಿಲ್ಲದ ರಾಜ್ಯಕ್ಕೂ ವಿವರ ಸಲ್ಲಿಸಬೇಕು. ಹಕ್ಕು ಕಾಗದದಲ್ಲಿದ್ದರೆ ಸಾಲದು. ಅದನ್ನು ಕೇಳಿ ಪಡೆಯುವವರಿಗೆ ಅದರ ಅರಿವಿರಬೇಕು.

ದೂರದ ದೇಶದ ಈ ಕಥೆ ನಮಗೇಕೆ ಎನ್ನಬಹುದು. ಸಂಗಾತಿಯನ್ನು ಮರೆಯುವ ಚಾಳಿ ಅಲ್ಲಿನ ಕಾನೂನಿಗಷ್ಟೇ ಸೀಮಿತವಲ್ಲ. ನಮ್ಮ 1950ರ ಜನಪ್ರಾತಿನಿಧ್ಯ ಕಾಯ್ದೆ ಸೇವಾ ಮತದಾರನ ಪತ್ನಿಗೆ ನೀಡಿದ್ದ ಸೌಲಭ್ಯವನ್ನು ಮಹಿಳಾ ಅಧಿಕಾರಿಯ ಪತಿಗೆ ನೀಡಿರಲಿಲ್ಲ. ‘ಪತ್ನಿ’ ಎಂಬ ಪದ ‘ಸಂಗಾತಿ’ ಎಂದು ಬದಲಾಗಲು 2021ರ ತಿದ್ದುಪಡಿಯೇ ಬರಬೇಕಾಯಿತು. ವರ್ಗಾವಣೆಯ ಆದೇಶದಲ್ಲಿ ಒಬ್ಬರ ಹೆಸರಷ್ಟೇ ಇರುತ್ತದೆ; ಅದನ್ನು ಪಾಲಿಸುವುದು ಇಡೀ ಮನೆ. ದೇಶಸೇವೆಯ ಲೆಕ್ಕ ಬರೆಯುವ ಯಾವುದೇ ಸರ್ಕಾರ ಈ ಸತ್ಯವನ್ನು ಮರೆಯಬಾರದು.